ಮುದಿ ಕುದುರೆಯ ಮೊದಲ ಹತ್ತು ದಿನ

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತದೆ ಗಾದೆ. ಮುದಿ ಕುದುರೆಯನ್ನು ಸಾಕಲು ಹೊರಟವರು ಮಾತ್ರ ಮೊದಲು ನೋಡಬೇಕಾದದ್ದು ಹಲ್ಲನ್ನೇ. ಕುದುರೆಯ ಮುಂದಿನ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಬರಿಯ ವಸಡಿರುವ ಜಾಗವೊಂದಿದೆ. ಲಗಾಮಿನ ಕಬ್ಬಿಣ ಕೂರುವುದು ಅಲ್ಲೇ. ಪಳಗಿದ ಕೈ ಅಲ್ಲಿಗೆ ಬೆರಳು ತೂರಿಸಿದರೆ ಕುದುರೆ ತಾನಾಗಿ ಬಾಯಿ ಬಿಡುತ್ತದೆ. ಮೇಲಿನ ಸಾಲಿನ ಮುಂಬಲ್ಲುಗಳಲ್ಲಿ ತೀರಾ ಅಂಚಿನದರ ಹೊರಮೈಯಲ್ಲಿ ಕಂದು ಗೀರೊಂದಿದ್ದರೆ ಅದು ಆ ಪ್ರಾಣಿಯ ಜಾತಕ. ಸುಮಾರು 10ನೇ ವರ್ಷಕ್ಕೆ ಗೀರು ವಸಡಿನ ಅಂಚಿನಲ್ಲಿ ಹುಟ್ಟುತ್ತದೆ, 15ಕ್ಕೆ ಹಲ್ಲಿನ ಅರ್ಧಕ್ಕೆ ಇಳಿಯುತ್ತದೆ, 20ಕ್ಕೆ ತುದಿ ಮುಟ್ಟುತ್ತದೆ. ಆಮೇಲೆ ಮೇಲಿನಿಂದ ಮಾಸುತ್ತಾ ಬಂದು 30ರ ಹೊತ್ತಿಗೆ ಅಳಿಸಿಹೋಗುತ್ತದೆ. ಇದಕ್ಕೆ ಗ್ಯಾಲ್ವೇನ್ ಗೀರು ಎಂದು ಹೆಸರು. ಲೆಕ್ಕ ಅಂದಾಜಿನದೇ, ಆದರೆ ಮಾರುವವನ ಬಾಯಿಮಾತಿಗಿಂತ ನಂಬಬಹುದು.

ಇಂಥ ಮುದಿ ಕುದುರೆಗಳು ಎಲ್ಲಿಂದ ಬರುತ್ತವೆಂದು ತಿಳಿಯಲು ಮುಂಬೈಯನ್ನು ನೋಡಿ, ಅದು ಕುದುರೆಗಳನ್ನು ದುಡಿಸಿಕೊಂಡ ಊರು. 1874ರ ಮೇ ತಿಂಗಳಲ್ಲಿ ಕೊಲಾಬಾದಿಂದ ಪಾಯಧೋನಿಗೆ ಕುದುರೆ ಟ್ರಾಮ್ ಶುರುವಾದಾಗ ಸ್ಟರ್ನ್ಸ್ ಅಂಡ್ ಕಿಟ್ರೆಜ್ ಕಂಪನಿಯ ಲಾಯದಲ್ಲಿ 900 ಕುದುರೆಗಳಿದ್ದವಂತೆ. ಅದೇ 1874ರಲ್ಲಿ ಇಲ್ಲಿಯ ಪ್ರಾಣಿದಯಾ ಸಂಘವೂ ಹುಟ್ಟಿತು. ಮುಂದೆ ಪರೇಲ್‌ನಲ್ಲಿ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಎದ್ದಿತು, 1886ರಲ್ಲಿ ಅದರ ಆವರಣದಲ್ಲೇ ಮುಂಬೈಯ ಪಶುವೈದ್ಯ ಕಾಲೇಜು ಆರಂಭವಾಯಿತು. ಟ್ರಾಮಿನ ಕುದುರೆಗಳಿಗೆ 1905ರಲ್ಲಿ ಬಿಡುಗಡೆ ಸಿಕ್ಕಿತು. ವಿಕ್ಟೋರಿಯಾ ಗಾಡಿಯ ಕುದುರೆಗಳು ಇನ್ನೂ ನೂರಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು.

2015ರ ಜೂನ್ 8ರಂದು ಬಾಂಬೆ ಹೈಕೋರ್ಟ್ ಮೋಜಿನ ಸವಾರಿಯ ವಿಕ್ಟೋರಿಯಾಗಳು ಕಾನೂನುಬಾಹಿರ ಎಂದು ತೀರ್ಪಿತ್ತು, ವರ್ಷದೊಳಗೆ ನಿಲ್ಲಿಸಲು ಹೇಳಿತು. ಪೀಠದಲ್ಲಿದ್ದವರು ನ್ಯಾಯಮೂರ್ತಿಗಳಾದ ಅಭಯ್ ಓಕ ಮತ್ತು ಎ.ಕೆ. ಮೆನನ್. ಗಾಡಿ ನಂಬಿದ್ದ ಕುಟುಂಬಗಳಿಗೂ ಕುದುರೆಗಳಿಗೂ ಪುನರ್ವಸತಿ ಯೋಜನೆ ಮಾಡಿ ಎಂದು ಸರ್ಕಾರಕ್ಕೆ ಸೂಚಿಸಿದ್ದು ಆ ತೀರ್ಪಿನ ದೊಡ್ಡತನ. 2021ರಲ್ಲಿ ಬ್ಯಾಟರಿಯ ವಿಕ್ಟೋರಿಯಾಗಳು ರಸ್ತೆಗಿಳಿದವು. ಗಾಡಿಗೇನೋ ಹೊಸ ಜನ್ಮ ಬಂತು. ಕುದುರೆಯ ಪುನರ್ವಸತಿ ಅಷ್ಟು ಸಲೀಸಲ್ಲ, ಏಕೆಂದರೆ ಅದಕ್ಕೆ ಬೇಕಾದದ್ದು ಆದೇಶವಲ್ಲ. ದಿನಕ್ಕೆ ಆರು ಹೊತ್ತಿನ ಮೇವು, ಒಂದು ತುಂಡು ಹುಲ್ಲಿನ ನೆಲ, ಹತ್ತು ಹದಿನೈದು ವರ್ಷ ಬೇಸರಿಸದ ಒಂದು ಜೀವ.

ಗಾಡಿ ಹೋದರೂ ಮದುವೆಯ ಮೆರವಣಿಗೆಯ ಕುದುರೆ ಇದೆ, ಮಾಥೇರಾನ್ ಗುಡ್ಡದಲ್ಲಿ ಜನರನ್ನು ಹೊರುವ ಕುದುರೆ ಇದೆ, ಮಹಾಲಕ್ಷ್ಮಿ ರೇಸಿನ ಓಟ ಮುಗಿಸಿದ ಕುದುರೆಯೂ ಇದೆ. ರೇಸಿನ ಕುದುರೆ ಎರಡನೇ ವಯಸ್ಸಿಗೇ ಓಡತೊಡಗುತ್ತದೆ, ಬಹುಪಾಲು ಆರೇಳಕ್ಕೆಲ್ಲ ನಿವೃತ್ತಿ. ಆಯುಸ್ಸು 25ರಿಂದ 30. ಅಂದರೆ ದುಡಿಮೆ ಮುಗಿದ ಮೇಲೆ ಇಪ್ಪತ್ತು ವರ್ಷದ ಬದುಕು ಬಾಕಿ ಇರುತ್ತದೆ. ಕೆಲವಕ್ಕೆ ಸವಾರಿ ಕಲಿಸುವ ಕ್ಲಬ್ಬು ಸಿಗುತ್ತದೆ. ಉಳಿದವು ಕೈಯಿಂದ ಕೈಗೆ ಇಳಿಯುತ್ತಾ ಹೋಗುತ್ತವೆ, ಕೈ ಬದಲಾದಂತೆ ಮೇವೂ ಇಳಿಯುತ್ತದೆ.

ಹಾಗೆ ಇಳಿದಿಳಿದು ಎಲುಬಿನ ಹಂದರವಾದ ಕುದುರೆಯನ್ನು ಯಾರೋ ಕರುಣೆಯಿಂದ ಬಿಡಿಸಿಕೊಂಡು ಬರುತ್ತಾರೆ ಎನ್ನಿ. ದೊಡ್ಡ ತಪ್ಪು ನಡೆಯುವುದು ಆ ಮೊದಲ ರಾತ್ರಿಯಲ್ಲೇ. ಹಸಿದ ಜೀವಕ್ಕೆ ಬಕೆಟ್ ತುಂಬಾ ಹುರುಳಿ, ಕಡಲೆ, ಬೂಸಾ ಸುರಿಯುತ್ತಾರೆ. ಕುದುರೆ ಆಸೆಯಿಂದ ತಿನ್ನುತ್ತದೆ, ಮೂರನೆಯದೋ ಐದನೆಯದೋ ದಿನ ಕುಸಿದು ಬೀಳುತ್ತದೆ. ಉಪವಾಸದ ಮೈ ಮೊದಲು ಕೊಬ್ಬನ್ನೂ ಆಮೇಲೆ ಸ್ವಂತ ಮಾಂಸಖಂಡವನ್ನೂ ಕರಗಿಸಿ ಬದುಕಿರುತ್ತದೆ. ಅದರ ಮೇಲೆ ಒಮ್ಮೆಲೇ ಪಿಷ್ಟ ಬಿದ್ದಾಗ ಇನ್ಸುಲಿನ್ ಉಕ್ಕುತ್ತದೆ. ರಕ್ತದಲ್ಲಿ ಅಳಿದುಳಿದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳ ಒಳಕ್ಕೆ ಸೇರಿಹೋಗುತ್ತವೆ. ರಕ್ತ ಬರಿದಾಗಿ ಹೃದಯವೂ ಉಸಿರೂ ಸೋಲುತ್ತವೆ. ಎರಡನೇ ಮಹಾಯುದ್ಧದ ಸೆರೆಶಿಬಿರಗಳಿಂದ ಬಿಡುಗಡೆಯಾದ ಮನುಷ್ಯರೂ ಊಟ ಸಿಕ್ಕ ಮೇಲೆ ಸತ್ತದ್ದು ಹೀಗೆಯೇ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಶಾಲೆಯವರು ಹಸಿದ ಕುದುರೆಗಳಿಗೆ ಬೇರೆ ಬೇರೆ ಮೇವು ಕೊಟ್ಟು ನೋಡಿ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಅವರು ಆರಿಸಿದ್ದು ನಮ್ಮ ರೈತರು ಕುದುರೆ ಮಸಾಲೆ ಸೊಪ್ಪು ಎಂದು ಕರೆಯುವ ಲೂಸರ್ನ್ ಹುಲ್ಲನ್ನು. ಪಿಷ್ಟ ಕಡಿಮೆ, ಪ್ರೋಟೀನ್ ಹೆಚ್ಚು, ಬೇಕಾದ ಖನಿಜಗಳೂ ಇವೆ. ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಸೇರಿದಂತೆ, ಒಣಗಿಸಿದ ಸೊಪ್ಪು ಅರ್ಧ ಕಿಲೋದಷ್ಟು ಮಾತ್ರ. ನಾಲ್ಕನೇ ದಿನದಿಂದ ತುಸು ತುಸುವೇ ಹೆಚ್ಚಿಸುತ್ತಾ, ಹೊತ್ತುಗಳನ್ನು ಕಡಿಮೆ ಮಾಡುತ್ತಾ, ಹತ್ತು ದಿನ ಕಳೆದ ಮೇಲೆ ತಿಂದಷ್ಟು ಕೊಡಬಹುದು. ಕಾಳಿನ ಸುದ್ದಿಯೇ ಬೇಡ. ಮೈ ತುಂಬಲು ಮೂರರಿಂದ ಐದು ತಿಂಗಳು ಹಿಡಿಯುತ್ತದೆ. ನಡುರಾತ್ರಿ ಎರಡು ಗಂಟೆಗೆ ಎದ್ದು, ತಲೆ ಚಾಚಿ ಇನ್ನೂ ಬೇಕೆನ್ನುವ ಪ್ರಾಣಿಯ ಮುಂದೆ ಒಂದೇ ಹಿಡಿ ಹುಲ್ಲಿಟ್ಟು ಮರಳುವುದು ಕಷ್ಟದ ಕೆಲಸ. ಆದರೆ ಕುದುರೆಯನ್ನು ಉಳಿಸುವುದು ಆ ಕಟ್ಟುನಿಟ್ಟೇ.

ಹೊಟ್ಟೆ ದಾರಿಗೆ ಬಂದ ಮೇಲೆ ಮತ್ತೆ ಬಾಯಿಗೆ ಬರಬೇಕು. ಕುದುರೆಯ ಹಲ್ಲು ವರ್ಷಕ್ಕೆ ಎರಡು ಮೂರು ಮಿಲಿಮೀಟರ್ ವಸಡಿನಿಂದ ಮೇಲೇಳುತ್ತಲೇ ಇರುತ್ತದೆ, ಹುಲ್ಲು ಅರೆದು ಸವೆಯುತ್ತಲೂ ಇರುತ್ತದೆ. ಮೇಲ್ದವಡೆ ಕೆಳದವಡೆಗಿಂತ ಅಗಲವಾದ್ದರಿಂದ ಸವೆತ ಸಮ ಬೀಳದೆ ಅಂಚುಗಳು ಚೂಪಾಗಿ, ಮೇಲಿನವು ಕೆನ್ನೆಯನ್ನೂ ಕೆಳಗಿನವು ನಾಲಗೆಯನ್ನೂ ಕೊಯ್ಯುತ್ತವೆ. ಲಾಯದ ನೆಲದಲ್ಲಿ ಅರೆಬರೆ ಅಗಿದ ಹುಲ್ಲಿನ ಒದ್ದೆ ಉಂಡೆಗಳು ಬಿದ್ದಿದ್ದರೆ ಬಾಯಿ ನೋಯುತ್ತಿದೆ ಎಂದೇ ಅರ್ಥ. ವೈದ್ಯರು ಅರದಿಂದ ಉಜ್ಜಿ ಆ ಅಂಚುಗಳನ್ನು ನಯಗೊಳಿಸಿದ ಮೇಲೆ ಎಷ್ಟೋ ಕುದುರೆಗಳು ಮೇವು ಹೆಚ್ಚಿಸದೆಯೇ ಮೈ ಹಿಡಿಯುತ್ತವೆ. ಹಲ್ಲೇ ಉದುರಿಹೋದ ಅಜ್ಜನಿಗೆ ನೆನೆಸಿ ಮೆದುವಾಗಿಸಿದ ಮೇವು ಸಾಕು.

ಕಾಲಿನದು ಮುಂಬೈಯ ಮಳೆಗಾಲದ ಕಥೆ. ನಾಲ್ಕು ತಿಂಗಳು ಒದ್ದೆ ಗಂಜಲದಲ್ಲೇ ನಿಂತ ಗೊರಸಿನ ಅಡಿಯ ತ್ರಿಕೋನದ ಮೆತ್ತನೆ ಭಾಗ ಕೊಳೆತು ಕರ್ರಗೆ ನಾರುತ್ತದೆ. ಒಣ ನೆಲ, ದಿನಾ ಗೊರಸು ಕೆರೆದು ಶುಚಿ ಮಾಡುವ ಕೈ, ಆರೆಂಟು ವಾರಕ್ಕೊಮ್ಮೆ ಲಾಳ ಕಟ್ಟುವ ನಾಲಬಂದನ ಭೇಟಿ, ಇಷ್ಟೇ ಮದ್ದು. ಕಡಲ ತೀರದಲ್ಲಿ ದುಡಿದ ಕುದುರೆಯಾದರೆ ಇನ್ನೊಂದು ಪರೀಕ್ಷೆ ಬೇಕು. ಲದ್ದಿಯನ್ನು ಗಾಜಿನ ಜಾಡಿಯ ನೀರಿನಲ್ಲಿ ಕದಡಿ ಇಟ್ಟರೆ ತಳದಲ್ಲಿ ಮರಳು ಕೂರುತ್ತದೆಯೇ ನೋಡಬೇಕು. ನೆಲಕ್ಕೆ ಬಿದ್ದ ಮೇವಿನೊಡನೆ ಕರುಳು ಸೇರಿದ ಮರಳು ಹೊಟ್ಟೆಶೂಲೆ ತರುತ್ತದೆ. ಅದನ್ನು ಹೊರಗೆಳೆಯಲು ವೈದ್ಯರು ಕೊಡುವುದು ನಮ್ಮ ಮನೆಗಳಲ್ಲೂ ಇರುವ ಇಸಬ್‌ಗೋಲನ್ನು. ಏಪ್ರಿಲ್ ಸೆಕೆಯಲ್ಲೂ ಉದ್ದ ಕೂದಲು ಉದುರಿಸದ ಮುದಿ ಕುದುರೆಗೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ತೊಂದರೆ ಇರಬಹುದು. ಅದಕ್ಕೂ ದಿನಕ್ಕೊಂದು ಮಾತ್ರೆಯ ಚಿಕಿತ್ಸೆ ಇದೆ.

ಒಂದು ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಹೊಸದಾಗಿ ಬಂದ ಕುದುರೆಯನ್ನು ಬೇರೆ ಕುದುರೆಗಳಿಂದ ದೂರ ಕಟ್ಟಿ ಗ್ಲ್ಯಾಂಡರ್ಸ್ ರೋಗದ ರಕ್ತಪರೀಕ್ಷೆ ಮಾಡಿಸಲೇಬೇಕು. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಈ ಪರೀಕ್ಷೆಗೆ ಹೆಸರಾದದ್ದು. ಮನುಷ್ಯರಿಗೂ ಅಂಟುವ ರೋಗ ಅದು, ಇದೆ ಎಂದು ಖಚಿತವಾದರೆ ಕಾನೂನಿನಂತೆ ಕುದುರೆಗೆ ಮರಣವೇ ಗತಿ.

ಸಾವಿನ ಮಾತನ್ನು ಈ ಕೆಲಸದಲ್ಲಿ ಬದಿಗಿಡಲಾಗದು. 1930ರಲ್ಲಿ ಕೈರೋಗೆ ಬಂದ ಡೊರೊಥಿ ಬ್ರೂಕ್ ಎಂಬ ಇಂಗ್ಲಿಷ್ ಮಹಿಳೆ, ಮೊದಲ ಮಹಾಯುದ್ಧ ಮುಗಿದ ಮೇಲೆ ಸೈನ್ಯ ಅಲ್ಲೇ ಮಾರಿಹೋಗಿದ್ದ ಕುದುರೆಗಳು ಮುದಿಯಾಗಿ ಗಾಡಿ ಎಳೆಯುತ್ತಿರುವುದನ್ನು ಕಂಡರು. ಬ್ರೂಕ್ ಪತ್ರಿಕೆಗೆ ಪತ್ರ ಬರೆದು ಹಣ ಕೂಡಿಸಿ ಸುಮಾರು 5,000 ಕುದುರೆಗಳನ್ನು ಕೊಂಡರು, 1934ರಲ್ಲಿ ಆಸ್ಪತ್ರೆ ತೆರೆದರು. ಕೊಂಡವುಗಳಲ್ಲಿ ಹೆಚ್ಚಿನವು ಉಳಿಯುವ ಸ್ಥಿತಿಯಲ್ಲಿರಲಿಲ್ಲ. ಅವಕ್ಕೆ ನೆರಳು, ನೀರು, ಮೆತ್ತನೆ ಹಾಸು ಕೊಟ್ಟು ನೋವಿಲ್ಲದ ಸಾವನ್ನೂ ಅವರೇ ಕೊಡಿಸಿದರು. ಅದೂ ರಕ್ಷಣೆಯೇ. ಮೂರು ದಿನ ಮೇಲೇಳದ ಕುದುರೆಯನ್ನು ಹಗ್ಗ ಕಟ್ಟಿ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವುದಕ್ಕಿಂತ ದೊಡ್ಡ ರಕ್ಷಣೆ.

ಕಾನೂನಿನ ನೆರವು ನೆಚ್ಚಿಕೊಳ್ಳುವಂತಿಲ್ಲ. ವಯಸ್ಸು, ರೋಗ, ಗಾಯದಿಂದ ಕೆಲಸಕ್ಕಾಗದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಇಂದು ಅದು ಒಂದು ದಿನದ ಹುಲ್ಲಿನ ಬೆಲೆಯೂ ಅಲ್ಲ. ದಂಡ ಏರಿಸಬೇಕು, ಜೊತೆಗೆ ಕುದುರೆ ದುಡಿಯುತ್ತಿರುವಾಗಲೇ ಅದರ ಮುಪ್ಪಿಗೆಂದು ಒಂದು ಪಾಲು ತೆಗೆದಿಡುವ ಪದ್ಧತಿ ರೇಸಿನಲ್ಲೂ ಬಾಡಿಗೆಯಲ್ಲೂ ಬರಬೇಕು. ಬಡ ಘೋಡಾವಾಲಾನೊಬ್ಬನ ಹೆಗಲಿಗೆ ಎಲ್ಲವನ್ನೂ ಹೇರುವುದು ನ್ಯಾಯವಲ್ಲ.

ಮದುವೆಗೆ ಕುದುರೆ ಗೊತ್ತುಮಾಡುವ ಮನೆಯವರು ಮುಂಗಡ ಕೊಡುವ ಮೊದಲು ಜೀನು ತೆಗೆಸಿ ಬೆನ್ನು ನೋಡಲಿ, ನಾಲ್ಕು ಹೆಜ್ಜೆ ನಡೆಸಿ ಕುಂಟುತ್ತದೆಯೇ ಗಮನಿಸಲಿ, ಕೈಯಿಂದ ಪಕ್ಕೆ ಮುಟ್ಟಲಿ. ಸರಿಯಿಲ್ಲವೆನಿಸಿದರೆ ಆ ಕುದುರೆ ಬೇಡ ಎನ್ನಲಿ. ಬೀದಿಯಲ್ಲಿ ಬಿಟ್ಟುಹೋದ ಮುದಿ ಕುದುರೆ ಕಣ್ಣಿಗೆ ಬಿದ್ದರೆ ಮೊದಲು ಒಂದು ಬಕೆಟ್ ನೀರಿಡಿ, ನೆರಳಿಗೆ ಸರಿಸಿ, ಪಶುವೈದ್ಯರನ್ನು ಕರೆಯಿರಿ. ಹುರುಳಿ ಚೀಲ ಮಾತ್ರ ಬಿಚ್ಚಬೇಡಿ.