ದೋಶಿ ಮೇಷ್ಟ್ರು, ಜನಕಪುರಿಯ ಮೇಸ್ತ್ರಿ

ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ 2023ರ ಜನವರಿ 24ರಂದು ಅಹಮದಾಬಾದಿನಲ್ಲಿ ತೀರಿಕೊಂಡಾಗ ಅವರಿಗೆ 95 ವರ್ಷ. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಅವರು ಆ ಗೌರವಕ್ಕೆ ಪಾತ್ರರಾದ ಮೊದಲ ಭಾರತೀಯ. ಕನ್ನಡಿಗರಿಗೆ ಅವರ ಗುರುತು ಬನ್ನೇರುಘಟ್ಟ ರಸ್ತೆಯ ಐಐಎಂ. ಆದರೆ ದೋಶಿ ಮೊದಲಿಗೆ ಮೇಷ್ಟ್ರು. ಅವರ ಪಾಠವನ್ನು ಒರೆಗೆ ಹಚ್ಚಬೇಕಾದರೆ ಐಐಎಂಗಿಂತ ಪಶ್ಚಿಮ ದೆಹಲಿಯ ಜನಕಪುರಿ ಒಳ್ಳೆಯ ಜಾಗ. ಅವರ ಕಟ್ಟಡಗಳನ್ನು ನೋಡಲು ಊರೂರು ಸುತ್ತುವವರು ಯಾರೂ ಅಲ್ಲಿಗೆ ಹೋಗುವುದಿಲ್ಲ ಎಂಬುದೇ ಅದಕ್ಕೆ ಕಾರಣ.

ಬೊಂಬಾಯಿಯ ಜೆ.ಜೆ. ಶಾಲೆಯ ಓದನ್ನು ಅರ್ಧಕ್ಕೇ ಬಿಟ್ಟು ಲಂಡನ್ನಿಗೆ ಹೋದವರು ದೋಶಿ. ಅಲ್ಲಿಂದ ಪ್ಯಾರಿಸ್‌ಗೆ ಹೋಗಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆಯ ಕಚೇರಿ ಸೇರಿದರು. ಮೊದಲ ಎಂಟು ತಿಂಗಳು ಸಂಬಳವಿರಲಿಲ್ಲ. ಆ ಗುರುವಿನ ಕಟ್ಟಡಗಳ ಉಸ್ತುವಾರಿಗೆಂದು ಅಹಮದಾಬಾದಿಗೆ ಬಂದವರು ಅಲ್ಲೇ ನೆಲೆಸಿದರು. 1962ರಲ್ಲಿ ಬರ್ನಾರ್ಡ್ ಕೋನ್ ಮತ್ತಿತರರ ಜೊತೆಗೂಡಿ, ಗಿರಣಿ ಸಾಹುಕಾರ ಕಸ್ತೂರಭಾಯಿ ಲಾಲಭಾಯಿಯವರ ಬೆಂಬಲದಲ್ಲಿ ವಾಸ್ತುಶಿಲ್ಪ ಶಾಲೆ ತೆರೆದರು. ಇಂದಿನ ಸೆಪ್ಟ್ ವಿಶ್ವವಿದ್ಯಾಲಯದ ಬೇರು ಅದು. ಅದೇ ವರ್ಷ ಅಮೆರಿಕದ ಲೂಯಿ ಕಾನ್ ಅವರನ್ನು ಅಹಮದಾಬಾದಿನ ಐಐಎಂ ಕಟ್ಟಲು ಕರೆತಂದವರೂ ದೋಶಿಯೇ. ಇಬ್ಬರು ದಿಗ್ಗಜರ ಸಹವಾಸ ಮಾಡಿದವನು ಇಬ್ಬರಲ್ಲಿ ಒಬ್ಬನ ನೆರಳಾಗಿ ಉಳಿಯುವುದೇ ಹೆಚ್ಚು. ದೋಶಿ ಹಾಗಾಗಲಿಲ್ಲ.

ಆ ಶಾಲೆಯ ಕಟ್ಟಡವನ್ನೂ ಅವರೇ ರೂಪಿಸಿದರು. ಇಟ್ಟಿಗೆ ಗೋಡೆ, ಉತ್ತರದ ಬೆಳಕು, ಕೆಳಗೆ ಖಾಲಿ ಬಿಟ್ಟ ನೆಲ, ಅರ್ಧರ್ಧ ಮಟ್ಟಕ್ಕೆ ಏರುವ ಮೆಟ್ಟಿಲು. ತರಗತಿ ಎಲ್ಲಿ ಮುಗಿಯುತ್ತದೆ, ಹರಟೆ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯಲಾಗದಂಥ ಜಾಗ. ಬೆಂಗಳೂರಿನ ಐಐಎಂನಲ್ಲೂ ಇದೇ ಬುದ್ಧಿ ಕೆಲಸ ಮಾಡಿದೆ. ಎಪ್ಪತ್ತರ ದಶಕದ ಕೊನೆಗೆ ಕೈಗೆತ್ತಿಕೊಂಡು ಹಂತಹಂತವಾಗಿ ಬೆಳೆದ ಆ ಆವರಣದಲ್ಲಿ ಒರಟು ಗ್ರಾನೈಟ್ ಗೋಡೆಗಳ ನಡುವಿನ ಓಣಿಗಳೇ ಮುಖ್ಯ, ಕೋಣೆಗಳು ಅವುಗಳ ಬದಿಗೆ ನಿಂತಿವೆ. ಇದಕ್ಕೆ ದೋಶಿ ಫತೇಪುರ್ ಸಿಕ್ರಿಯನ್ನು ನೆನೆಯುತ್ತಿದ್ದರು. ಬಿಸಿಲು, ಮಳೆ, ಗಾಳಿ ಒಳಗೇ ಓಡಾಡುವ ಆ ಏರ್ಪಾಟು ಕಂಡರೆ ನಮ್ಮವರಿಗೆ ನೆನಪಾಗುವುದು ತೊಟ್ಟಿಮನೆ. ಕಟ್ಟಡ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ಅವರ ಅತ್ಯಂತ ಒಳ್ಳೆಯ ಪಾಠ ಮಾತ್ರ ಇಂಥ ದೊಡ್ಡ ಆವರಣಗಳಲ್ಲಿಲ್ಲ. ಮನೆ ಎಂದಿಗೂ ಮುಗಿಯುವುದಿಲ್ಲ ಎಂಬುದು ಆ ಪಾಠ. 1973ರ ಸುಮಾರಿಗೆ ಅಹಮದಾಬಾದಿನಲ್ಲಿ ಎಲ್‌ಐಸಿಗಾಗಿ ಕಟ್ಟಿದ ಬೀಮಾನಗರದಲ್ಲಿ ಕೆಳಗೆ ದೊಡ್ಡ ಮನೆ, ನಡುವೆ ಅದಕ್ಕಿಂತ ಸಣ್ಣದು, ಮೇಲೆ ಇನ್ನೂ ಸಣ್ಣದು. ಮೇಲಿನ ಮನೆ ಕಿರಿದಾದಷ್ಟೂ ತಾರಸಿ ದೊಡ್ಡದಾಗುತ್ತದೆ. ಮಗಳಿಗೆ ಕೋಣೆ ಬೇಕಾದಾಗ ಆ ತಾರಸಿಯ ಮೇಲೆ ಗೋಡೆ ಏಳಬಹುದು. ಇಂದೋರಿನ ಅರಣ್ಯ ಬಡಾವಣೆಯಲ್ಲಿ ಈ ಬುದ್ಧಿ ಇನ್ನೂ ದೂರ ಹೋಯಿತು. ಸುಮಾರು 6,500 ನಿವೇಶನ, 80 ಸಾವಿರ ಜನರ ಲೆಕ್ಕಾಚಾರ. ತೀರಾ ಬಡವರಿಗೆ ಕೊಟ್ಟದ್ದು ಅಡಿಪಾಯ, ನೀರು ಮತ್ತು ಶೌಚಾಲಯದ ಒಂದು ತುಂಡು. ಉಳಿದುದನ್ನು ಅವರವರು ಕೈಲಾದಂತೆ ಕಟ್ಟಿಕೊಳ್ಳಬೇಕು. 1995ರಲ್ಲಿ ಇದಕ್ಕೆ ಆಗಾ ಖಾನ್ ಪ್ರಶಸ್ತಿ ಬಂತು.

ಈಗ ಜನಕಪುರಿಗೆ ಬನ್ನಿ. ಸೀತೆಯ ತಂದೆಯ ಹೆಸರಿಟ್ಟುಕೊಂಡ ಈ ಬಡಾವಣೆಯನ್ನು ದೆಹಲಿ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಎಲ್ಲರ ಬಾಯಲ್ಲಿ ಡಿಡಿಎ, ಎಪ್ಪತ್ತರ ದಶಕದಲ್ಲಿ ಬೆಳೆಸಿತು. ಎ, ಬಿ, ಸಿ, ಡಿ ಎಂಬ ಬ್ಲಾಕುಗಳು. ಎಲ್‌ಐಜಿ, ಎಂಐಜಿ (ಕಡಿಮೆ ಆದಾಯ, ಮಧ್ಯಮ ಆದಾಯ) ಎಂದು ಆದಾಯದ ಅಳತೆಗೆ ಕತ್ತರಿಸಿದ ಫ್ಲಾಟುಗಳು. ನಕ್ಷೆಯ ಪ್ರಕಾರ ಅವು ಕೊಟ್ಟ ದಿನವೇ ಮುಗಿದ ಮನೆಗಳು. ನಿವಾಸಿಗಳು ಹಾಗೆಂದುಕೊಳ್ಳಲಿಲ್ಲ. ಬಾಲ್ಕನಿಗೆ ಕಿಟಕಿ ಬಿತ್ತು, ಹಿಂದಿನ ಅಂಗಳ ಅಡುಗೆಮನೆಯಾಯಿತು, ಕೆಳಗಿನವರು ಮುಂದಕ್ಕೆ ಚಾಚಿದರು, ಅವರ ಚಾವಣಿಯ ಮೇಲೆ ನಡುವಿನವರು, ಅದರ ಮೇಲೆ ಕೊನೆಯವರು. ಕೆಳಗಿನವರು ಒಪ್ಪದೆ ಮೇಲಿನವರಿಗೆ ಕೋಣೆಯಿಲ್ಲ. ಎಷ್ಟೋ ಮೆಟ್ಟಿಲುಸಾಲುಗಳಲ್ಲಿ ಇಡೀ ರಾಜಕಾರಣವೇ ಇದು. ಯಾವ ಬದಲಾವಣೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಡಿಡಿಎ ನಿಯಮ ಬರೆದದ್ದು ಜನ ಕಟ್ಟಿದ ಮೇಲೆಯೇ.

ಬೀಮಾನಗರದಲ್ಲಿ ಮೇಷ್ಟ್ರು ಯೋಚಿಸಿ ಬಿಟ್ಟ ತಾರಸಿ, ಜನಕಪುರಿಯಲ್ಲಿ ಯಾರೂ ಯೋಚಿಸದೆ ಬಂದ ಕೋಣೆ. ದೋಶಿ ಹೇಳಿದ್ದು ನಿಜ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ಅವರ ಪಂಥದ ಕೊರತೆಯೂ ಇಲ್ಲೇ ಹೊರಬೀಳುತ್ತದೆ. ಜನಕಪುರಿಯ ಮೇಸ್ತ್ರಿಗೆ ಯಾವ ತೊಲೆ ಎಷ್ಟು ಭಾರ ತಾಳುತ್ತದೆ, ಯಾವ ಗೋಡೆಯಲ್ಲಿ ನೀರಿನ ಕೊಳವೆ ಹೋಗಿದೆ, ಯಾವ ಎಂಜಿನಿಯರ್ ಯಾವಾಗ ಬಂದು ಕೆಲಸ ನಿಲ್ಲಿಸುತ್ತಾನೆ ಎಲ್ಲವೂ ಗೊತ್ತು. ದೋಶಿ ಹಾಗೂ ಅವರ ನಂತರದವರ ಮಾತಿನಲ್ಲಿ ಋತು, ನೆರಳು, ಸ್ಮೃತಿ, ಪುರಾಣ ಧಾರಾಳ. ಪಹಣಿ, ಸಾಲ, ಬೈಲಾ, ನೆರೆಮನೆಯ ತಂಟೆ ಅಪರೂಪ. ಮೇಷ್ಟ್ರು ಒಳ್ಳೆಯ ಕತೆಗಾರ. ಕತೆ ಕೇಳಿ ಬೆಳೆದ ಶಿಷ್ಯರು ಅಂಥದೇ ಕತೆಗಳಿಗೆ ಹೊಂದುವ ಕೆಲಸ ಹುಡುಕಿದರು. ಅದು ಸಿಕ್ಕಿದ್ದು ಹೆಚ್ಚಾಗಿ ವಿದ್ಯಾಸಂಸ್ಥೆಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ, ಉಳ್ಳವರ ತೋಟದ ಮನೆಗಳಲ್ಲಿ. ದೆಹಲಿಯಲ್ಲೇ ದೋಶಿ ರೂಪಿಸಿದ ಫ್ಯಾಷನ್ ಶಿಕ್ಷಣ ಸಂಸ್ಥೆ ನಿಫ್ಟ್ ಕಟ್ಟಡ ಹೌಜ್ ಖಾಸ್‌ನಲ್ಲಿದೆ, ಮೆಟ್ಟಿಲುಬಾವಿಯ ನೆನಪಿನಲ್ಲಿ ಕಟ್ಟಿದ್ದು. ಸೊಗಸಾಗಿದೆ. ಅದರಿಂದ ಡಿಡಿಎ ಏನೂ ಕಲಿಯಲಿಲ್ಲ, ಅದಕ್ಕೆ ಕಲಿಸಲು ಯಾರೂ ಹಟ ಹಿಡಿಯಲೂ ಇಲ್ಲ.

ಸೆಪ್ಟ್‌ನಲ್ಲೇ ಓದಿ, ಮುಂದೆ ಅದರ ಅಧ್ಯಕ್ಷರಾದ ಬಿಮಲ್ ಪಟೇಲ್ ದೆಹಲಿಗೆ ಬಂದದ್ದು ಸೆಂಟ್ರಲ್ ವಿಸ್ತಾ ಬದಲಾಯಿಸಲು. ಅವರ ಸಂಸ್ಥೆ ರೂಪಿಸಿದ ಹೊಸ ಸಂಸತ್ ಭವನ 2023ರ ಮೇ 28ರಂದು, ದೋಶಿ ಹೋದ ನಾಲ್ಕು ತಿಂಗಳಿಗೆ, ಉದ್ಘಾಟನೆಯಾಯಿತು. ಅದು ಪೂರ್ತಿ ಮುಗಿದ, ಯಾರೂ ಒಂದು ಕಿಟಕಿಯನ್ನೂ ಸೇರಿಸಲಾಗದ ಕಟ್ಟಡ. ಇದನ್ನು ದೋಶಿಯವರ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಪ್ರತಿ ಶಿಷ್ಯನಿಗೂ ಗುರು ಹೊಣೆಯಲ್ಲ. ಆದರೂ ಸರ್ಕಾರದ ಬಾಗಿಲು ತಟ್ಟಬಲ್ಲ ಶಕ್ತಿ ಈ ಶಾಲೆಗಿತ್ತು. ಅದು ಖರ್ಚಾದದ್ದು ಎಲ್ಲಿ ಎಂಬುದನ್ನು ಗಮನಿಸದೆ ಇರಲಾಗದು. 2020ರ ಡಿಸೆಂಬರ್‌ನಲ್ಲಿ ಅಹಮದಾಬಾದಿನ ಐಐಎಂ ಕಾನ್ ಕಟ್ಟಿದ 18 ವಿದ್ಯಾರ್ಥಿನಿಲಯಗಳಲ್ಲಿ 14ನ್ನು ಕೆಡವಲು ಹೊರಟಾಗ ದೇಶವಿದೇಶದ ವಾಸ್ತುಶಿಲ್ಪಿಗಳು ಎದ್ದುನಿಂತರು. ಸಂಸ್ಥೆ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು (ಮತ್ತೆ 2022ರಲ್ಲಿ ಮನಸ್ಸು ಬದಲಿಸಿತು, ಅದು ಬೇರೆ ಮಾತು). ಪ್ರತಿಭಟನೆ ಸರಿಯೇ ಇತ್ತು. ಅಷ್ಟೇ ಗಟ್ಟಿ ದನಿ ಎಲ್‌ಐಜಿ ಫ್ಲಾಟಿನ ಅಳತೆಯ ಬಗ್ಗೆ ಎಂದೂ ಕೇಳಿಬರಲಿಲ್ಲ.

2014ರ ಯೋಜನೆಯಲ್ಲಿ ಡಿಡಿಎ ಸುಮಾರು 25 ಸಾವಿರ ಫ್ಲಾಟುಗಳನ್ನು ಲಾಟರಿಗಿಟ್ಟಿತು. ಬಹುಪಾಲು ಒಂದು ಕೋಣೆಯ ಎಲ್‌ಐಜಿ, ರೋಹಿಣಿ, ನರೇಲಾದಂಥ ಅಂಚಿನ ಜಾಗಗಳಲ್ಲಿ. ಸಾವಿರಾರು ಜನ, ಕೋಣೆ ಸಣ್ಣದು, ಊರಿಗೆ ದೂರ ಎಂದು ಹಿಂತಿರುಗಿಸಿದರು. ಅವುಗಳಲ್ಲಿ ಎಷ್ಟೋ ಮನೆಗಳು ಕಾಂಕ್ರೀಟಿನ ಸಿದ್ಧ ಹಲಗೆಗಳನ್ನು ಜೋಡಿಸಿ ಎಬ್ಬಿಸಿದಂಥವು. ಅಂಥ ಗೋಡೆಯಲ್ಲಿ ಭಾರ ಕೂತಿರುತ್ತದೆ, ಕೊರೆದು ಬಾಗಿಲಿಡಲು ಬಾರದು. ಜನಕಪುರಿಯ ಮೇಸ್ತ್ರಿಗೂ ಅಲ್ಲಿ ಕೆಲಸವಿಲ್ಲ.