ಲಕ್ಷದ ಲೀಡೂ ಲೆಕ್ಕಕ್ಕಿಲ್ಲ

ಮತ ಎಣಿಕೆಯ ದಿನ ಔರಾದದ ಚಹಾದಂಗಡಿಗಳಲ್ಲಿ ಎಲ್ಲರ ಪ್ರಶ್ನೆ ಒಂದೇ: ‘ಲೀಡ್ ಎಷ್ಟು?’ ಆ ಲೆಕ್ಕದ ಬಿಸಿ ಬೀದರ ಸೀಮೆಗೆ ಹೊಸದಲ್ಲ. 2008ರಲ್ಲಿ ಜೇವರ್ಗಿಯಲ್ಲಿ 70 ಮತಗಳಿಂದ ಸೋತ ಎನ್. ಧರ್ಮಸಿಂಗ್ ಮರುವರ್ಷ ಬೀದರದಿಂದಲೇ ಲೋಕಸಭೆಗೆ ಹೋದರು. ಆದರೆ ಚುನಾವಣಾ ತಕರಾರಿನ ತೀರ್ಪುಗಳನ್ನು ಓದುವ ಚಟ ಹತ್ತಿದವರು ಲೀಡ್ ಕೇಳುವುದಿಲ್ಲ. ಅರ್ಜಿ ಯಾವ ಆಧಾರದ ಮೇಲೆ ನಿಂತಿದೆ ಎಂದು ನೋಡುತ್ತಾರೆ.

1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 100ನೇ ಸೆಕ್ಷನ್ ಅವರಿಗೆ ಬಾಯಿಪಾಠ. ಅನರ್ಹ ಮತ ಎಣಿಸಿದರೆಂದೋ ನಿಯಮ ಮೀರಿದರೆಂದೋ ದೂರಿದರೆ, ಅದರಿಂದ ಫಲಿತಾಂಶವೇ ಬದಲಾಯಿತೆಂದು ತೋರಿಸಬೇಕು. ರಾಜಸ್ಥಾನದ ನಾಥದ್ವಾರದಲ್ಲಿ 2008ರಲ್ಲಿ ಸಿ.ಪಿ. ಜೋಶಿ ಒಂದೇ ಮತದಿಂದ ಸೋತಾಗ ಇಡೀ ವ್ಯಾಜ್ಯ ಒಂದೊಂದು ಮತದ ಸುತ್ತ ತಿರುಗಿದ್ದು ಇದೇ ಕಾರಣಕ್ಕೆ. ಗೆದ್ದವರೇ ಅಕ್ರಮ ಎಸಗಿದ್ದಾರೆಂದು ರುಜುವಾತಾದರೆ ಮಾತ್ರ ಅಂತರಕ್ಕೆ ಬೆಲೆಯೇ ಇಲ್ಲ.

ರಾಯಬರೇಲಿಯಲ್ಲಿ 1971ರಲ್ಲಿ ಇಂದಿರಾ ಗಾಂಧಿ ಅವರ ಲೀಡ್ ಲಕ್ಷ ದಾಟಿತ್ತು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಆ ಆಯ್ಕೆಯನ್ನು ಅಸಿಂಧುಗೊಳಿಸಿದರು. ಸರ್ಕಾರಿ ಸೇವೆಯಲ್ಲಿದ್ದ ಯಶಪಾಲ್ ಕಪೂರ್ ಅವರನ್ನು ಪ್ರಚಾರಕ್ಕೆ ಬಳಸಿದ್ದು ಒಂದು ಕಾರಣ. ಅಷ್ಟರಲ್ಲಿ ಕಾಯ್ದೆಗೇ ತಿದ್ದುಪಡಿ ಬಂತು. ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆಯ್ಕೆಯನ್ನು ಉಳಿಸಿತು. ಮೂರು ವರ್ಷದ ಬಳಿಕ ಅವರಿಗೆ ಚಿಕ್ಕಮಗಳೂರು ಸಂಸತ್ತಿನ ಬಾಗಿಲಾಯಿತು.

ಹಾಸನದ ಪ್ರಕರಣದ ಸೊಗಸೇ ಬೇರೆ. 2019ರಲ್ಲಿ ಪ್ರಜ್ವಲ್ ರೇವಣ್ಣ 1.41 ಲಕ್ಷ ಮತಗಳ ಅಂತರದಿಂದ ಗೆದ್ದಿದ್ದರು. ಆಸ್ತಿ ವಿವರ ಮುಚ್ಚಿಟ್ಟ ಆರೋಪದ ವಿಚಾರಣೆ ನಡೆಸಿದ ಕರ್ನಾಟಕ ಹೈಕೋರ್ಟ್ 2023ರ ಸೆಪ್ಟೆಂಬರ್ 1ರಂದು ಆಯ್ಕೆ ರದ್ದುಮಾಡಿತು. ‘ಹಾಗಾದರೆ ನನ್ನನ್ನೇ ಗೆದ್ದವನೆಂದು ಸಾರಿ’ ಎಂಬ ಎ. ಮಂಜು ಅವರ ಬೇಡಿಕೆಗೆ ಮಾತ್ರ ಒಪ್ಪಲಿಲ್ಲ. ಅವರ ಕಡೆಯೂ ಅಕ್ರಮ ಕಂಡಿತ್ತು. ಬಿಜೆಪಿಯಿಂದ ಸ್ಪರ್ಧಿಸಿದ್ದ ಮಂಜು ತೀರ್ಪು ಬರುವ ಹೊತ್ತಿಗೆ ಪ್ರಜ್ವಲ್ ಅವರದೇ ಜೆಡಿಎಸ್‌ನಿಂದ ಅರಕಲಗೂಡಿನ ಶಾಸಕ! ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿತು.

ಫಲಿತಾಂಶ ಬಂದ 45 ದಿನದೊಳಗೆ ಅರ್ಜಿ, 2,000 ರೂಪಾಯಿ ಠೇವಣಿ, ಆರು ತಿಂಗಳಲ್ಲಿ ಮುಗಿಸುವ ಪ್ರಯತ್ನ: ಕಾಯ್ದೆಯ ಲೆಕ್ಕ ಇದು. ಹಾಸನಕ್ಕೆ ಹಿಡಿದದ್ದು ನಾಲ್ಕು ವರ್ಷಕ್ಕೂ ಮಿಗಿಲು. ಮುಳಬಾಗಿಲು ಮೀಸಲು ಕ್ಷೇತ್ರದಲ್ಲಿ 2013ರಲ್ಲಿ ಗೆದ್ದ ಕೊತ್ತೂರು ಜಿ. ಮಂಜುನಾಥ್ ಅವರ ಆಯ್ಕೆಯನ್ನು ಜಾತಿ ಪ್ರಮಾಣಪತ್ರದ ಕಾರಣಕ್ಕೆ ಹೈಕೋರ್ಟ್ ರದ್ದುಪಡಿಸಿದ್ದು 2018ರ ಏಪ್ರಿಲ್‌ನಲ್ಲಿ. ಮುಂದಿನ ಚುನಾವಣೆಗೆ ಆಗ ಕೆಲವೇ ವಾರ ಬಾಕಿ.

ಔರಾದವೂ 2008ರಿಂದ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರ. ಇಲ್ಲಿನ ಓದುಗರು ತೀರ್ಪು ಓದಲು ಶುರುಮಾಡುವುದಾದರೆ, ಬಿ. ಬಸವಲಿಂಗಪ್ಪ ಮತ್ತು ಡಿ. ಮುನಿಚಿನ್ನಪ್ಪ ನಡುವಿನ 1964ರ ಸುಪ್ರೀಂ ಕೋರ್ಟ್ ತೀರ್ಪಿನಿಂದಲೇ ಶುರುಮಾಡಬಹುದು. ಗೆದ್ದ ಮುನಿಚಿನ್ನಪ್ಪ ವೊಡ್ಡರು, ಆದರೆ ಮೈಸೂರಿನ ಪರಿಶಿಷ್ಟರ ಪಟ್ಟಿಯಲ್ಲಿದ್ದದ್ದು ಭೋವಿ ಎಂಬ ಹೆಸರು. 1956ಕ್ಕೆ ಮೊದಲು ಮೈಸೂರಿನಲ್ಲಿ ಭೋವಿ ಎಂಬ ಪ್ರತ್ಯೇಕ ಜಾತಿಯೇ ಇರಲಿಲ್ಲ. ಹಾಗಾಗಿ ಪಟ್ಟಿ ಹೇಳುವುದು ವೊಡ್ಡರನ್ನೇ ಎಂದು ನ್ಯಾಯಾಲಯ ತೀರ್ಮಾನಿಸಿ ಅವರ ಸ್ಥಾನ ಉಳಿಸಿತು. ಕೆಲವೇ ಪುಟಗಳ ತೀರ್ಪು. ಅದರಲ್ಲಿ ಲೀಡಿನ ಸುದ್ದಿಯೇ ಬರುವುದಿಲ್ಲ.