ಅಂಗಳದ ಹಬ್ಬ, ವೇದಿಕೆಯ ಹಬ್ಬ

ಲೂಯಿಸಿಯಾನದ ನೈಋತ್ಯದ ಬಯಲಿನಲ್ಲಿ, ಭತ್ತದ ಗದ್ದೆಗಳ ನಡುವೆ ಒಂಟಿ ಮನೆಯೊಂದು. ಚಳಿ ಇನ್ನೂ ಬಿಟ್ಟಿಲ್ಲ. ರಸ್ತೆಯ ತಿರುವಿನಲ್ಲಿ ವೇಷಧಾರಿಗಳ ಗುಂಪು ಬಂದು ನಿಲ್ಲುತ್ತದೆ; ಕೆಲವರು ಕುದುರೆಯ ಮೇಲೆ, ಕೆಲವರು ಗಾಡಿಯಲ್ಲಿ. ಮುಖಕ್ಕೆ ಬಣ್ಣ ಬಳಿದ ತಂತಿಬಲೆಯ ಮುಖವಾಡ, ಮೈಗೆ ಚಿಂದಿಯ ಕುಚ್ಚು ಹೊಲಿದ ಅಂಗಿ, ತಲೆಗೆ ಚೂಪು ಟೊಪ್ಪಿ. ಆದರೆ ಯಾರೂ ಅಂಗಳಕ್ಕೆ ಕಾಲಿಡುವುದಿಲ್ಲ. ಮುಖವಾಡ ಧರಿಸದ ನಾಯಕ, ಅಲ್ಲಿಯವರ ಬಾಯಲ್ಲಿ ‘ಕಪಿತೇನ್’, ಬಿಳಿ ಬಾವುಟ ಹಿಡಿದು ಬಾಗಿಲಿಗೆ ಹೋಗಿ ಮನೆಯವರ ಅಪ್ಪಣೆ ಕೇಳುತ್ತಾನೆ. ಮನೆಯವರು ಆಗಲಿ ಎಂದರೆ ಬಾವುಟ ಬೀಸುತ್ತಾನೆ. ಅಷ್ಟೇ ತಡ, ಗುಂಪು ಅಂಗಳಕ್ಕೆ ನುಗ್ಗಿ ಹಾಡುತ್ತದೆ, ಕುಣಿಯುತ್ತದೆ, ಮಂಡಿಯೂರಿ ಕೈಯೊಡ್ಡುತ್ತದೆ. ಮನೆಯ ಯಜಮಾನ ಜೀವಂತ ಕೋಳಿಯೊಂದನ್ನು ಗಾಳಿಗೆ ತೂರುತ್ತಾನೆ. ಕೆಸರು, ಬೇಲಿ, ಚರಂಡಿ ಏನನ್ನೂ ನೋಡದೆ ಎಲ್ಲರೂ ಅದರ ಹಿಂದೆ ಓಡುತ್ತಾರೆ. ಹೀಗೆ ಮನೆಮನೆಯಿಂದ ಕೂಡಿಬಂದದ್ದು ಸಂಜೆಗೆ ಗಂಬೋ ಎಂಬ ಸಾರಾಗಿ, ಅನ್ನದ ಜೊತೆ ಇಡೀ ಊರಿನ ತಟ್ಟೆಗೆ ಬೀಳುತ್ತದೆ. ನಡುರಾತ್ರಿಗೆ ಎಲ್ಲ ಮುಗಿಯಬೇಕು. ಬೆಳಗಾದರೆ ಕ್ರೈಸ್ತರ ಉಪವಾಸದ ದಿನಗಳು ಶುರು.

ಇದು ‘ಕೂರೀರ್ ದ ಮಾರ್ದಿ ಗ್ರಾ’, ಮಾರ್ದಿ ಗ್ರಾ ಓಟ. ನ್ಯೂ ಆರ್ಲಿಯನ್ಸಿನ ಮೆರವಣಿಗೆಯಲ್ಲಿ ಅಲಂಕರಿಸಿದ ಗಾಡಿಗಳ ಮೇಲಿನವರು ಕೆಳಗಿನ ಜನರತ್ತ ಮಣಿಸರ ಎಸೆಯುತ್ತಾರೆ. ಹಳ್ಳಿಯ ಓಟದಲ್ಲಿ ವೇಷ ಹಾಕಿದವರೇ ಬೇಡುವವರು, ಮನೆಯಲ್ಲಿರುವವರೇ ದಾನಿಗಳು. ಮಧ್ಯಯುಗದ ಫ್ರಾನ್ಸಿನಲ್ಲಿ ಮನೆಮನೆಗೆ ಹೋಗಿ ಬೇಡುತ್ತಿದ್ದ ಹಬ್ಬಗಳ ಸಂತತಿ ಇದು ಎನ್ನುತ್ತಾರೆ ಜಾನಪದ ವಿದ್ವಾಂಸರು. ಆ ಟೊಪ್ಪಿಗಳಲ್ಲೇ ಹಳೆಯ ಲೇವಡಿ ಉಳಿದಿದೆ: ಚೂಪು ಟೊಪ್ಪಿ ಸಿರಿವಂತ ಹೆಂಗಸರದ್ದು, ಸೀಳು ಟೊಪ್ಪಿ ಬಿಷಪ್ಪರದ್ದು, ಚಪ್ಪಟೆ ಟೊಪ್ಪಿ ಪಂಡಿತರದ್ದು.

ಕೇಜನ್ ಮತ್ತು ಕ್ರಿಯೋಲ್ ಸೀಮೆಯಲ್ಲಿ ವರ್ಷವಿಡೀ ನಡೆಯುವ ಹಬ್ಬಗಳಿಗೆ ಲೆಕ್ಕವಿಲ್ಲ. ಭತ್ತಕ್ಕೊಂದು, ಕಪ್ಪೆಗೊಂದು, ಸೀಗಡಿಗೊಂದು, ಹಂದಿಗೊಂದು. ಇವನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ ‘ಉಲ್ಲಾಸಪ್ರಿಯ ಜನ’ ಎಂದು ಕೊಂಡಾಡುವುದು ಪ್ರವಾಸಿ ಪುಸ್ತಿಕೆಗಳ ರೂಢಿ. ನಾನು ಬೇರೊಂದು ಅಳತೆಗೋಲು ಹಿಡಿಯುತ್ತೇನೆ: ಇಲ್ಲಿ ಯಾರು ಯಾರನ್ನು ಏನು ಕೇಳುತ್ತಾರೆ? ಯಾರು ಕೊಡುತ್ತಾರೆ?

ಮೊದಲು ಈ ಜನ ಯಾರು ಎಂಬುದು. ಇಂದಿನ ಕೆನಡಾದ ನೋವಾ ಸ್ಕೋಷಿಯಾ ಅಂದು ಅಕಾಡಿ. 1755ರಿಂದ ಬ್ರಿಟಿಷರು ಅಲ್ಲಿನ ಫ್ರೆಂಚ್ ರೈತರನ್ನು ಹಡಗಿಗೆ ತುಂಬಿ ದಿಕ್ಕಾಪಾಲು ಮಾಡಿದರು. ಅವರಲ್ಲಿ ಹಲವರು 1760ರ ದಶಕದಿಂದ ಲೂಯಿಸಿಯಾನಕ್ಕೆ ಬಂದು ನೆಲೆಸಿದರು. ‘ಅಕಾಡಿಯನ್’ ಸವೆದು ‘ಕೇಜನ್’ ಆಯಿತು. ಕ್ರಿಯೋಲ್ ಎಂಬ ಮಾತಿಗೆ ಅರ್ಥಗಳು ಹಲವು. ಈ ಹಳ್ಳಿಗಾಡಿನಲ್ಲಿ ಅದು ಹೆಚ್ಚಾಗಿ ಆಫ್ರಿಕನ್ ಮೂಲದ, ಫ್ರೆಂಚ್ ಅಥವಾ ಕ್ರಿಯೋಲ್ ನುಡಿಯಾಡುವ, ಕ್ಯಾಥೊಲಿಕ್ ಜನರನ್ನು ಸೂಚಿಸುತ್ತದೆ. ಎರಡೂ ಕಡೆಯವರ ಊಟ ಒಂದೇ. ಗಂಬೋ ಎಂಬ ಹೆಸರೇ ಆಫ್ರಿಕಾದ್ದು. ಅಲ್ಲಿನ ಬಾಂಟು ಭಾಷೆಗಳಲ್ಲಿ ಬೆಂಡೆಕಾಯಿಗಿರುವ ಹೆಸರಿನಿಂದ ಬಂದದ್ದು. ಅದನ್ನು ಗಟ್ಟಿ ಮಾಡುವ ಸಸಫ್ರಸ್ ಎಲೆಯ ಪುಡಿ ಅಲ್ಲಿನ ಮೂಲನಿವಾಸಿ ಚಾಕ್ಟಾ ಜನರ ಕೊಡುಗೆ. ಹಬ್ಬದಡುಗೆಯಲ್ಲಿ ಬೆರೆತವರು ಹಬ್ಬದ ಹೆಸರಿನಲ್ಲಿ ಬೆರೆಯಲು ಎಷ್ಟು ಕಾಲ ಬೇಕಾಯಿತು ಎಂಬುದಕ್ಕೆ ಮುಂದೆ ಬರುತ್ತೇನೆ.

ಎರಡನೇ ಮಹಾಯುದ್ಧಕ್ಕೆ ಹುಡುಗರು ಹೊರಟುಹೋದಾಗ ಎಷ್ಟೋ ಊರುಗಳಲ್ಲಿ ಓಟ ನಿಂತಿತು. 1950ರ ದಶಕದ ಆರಂಭದಲ್ಲಿ ವಕೀಲ ಪಾಲ್ ಟೇಟ್ ಮತ್ತು ಶಿಕ್ಷಕ ರೆವನ್ ರೀಡ್ ಮಾಮೂ ಊರಿನಲ್ಲಿ ಅದನ್ನು ಮತ್ತೆ ಎಬ್ಬಿಸಿದರು. 1961ರಲ್ಲಿ ಚರ್ಚ್ ಪಾಯಿಂಟ್ ಅದೇ ಹಾದಿ ಹಿಡಿಯಿತು. ಎಬ್ಬಿಸಿದ್ದು ನಿಜಕ್ಕೂ ದೊಡ್ಡ ಕೆಲಸ. ಆದರೆ ಮಾಮೂ, ಯೂನಿಸ್‌ನಂಥ ಊರುಗಳಲ್ಲಿ ಈಗ ಓಟ ಮರಳಿ ಬರುವುದನ್ನು ನೋಡಲು ಪೇಟೆಬೀದಿಯಲ್ಲಿ ಹೊರಗಿನವರ ದಂಡೇ ಕಾದಿರುತ್ತದೆ. ಗುಂಪು ನೂರನ್ನು ದಾಟಿ ಸಾವಿರ ಮುಟ್ಟಿದಾಗ ಹಿಂದೆ ನಿಂತವನಿಗೆ ಹಾಡು ಕೇಳಿಸದು, ಕೋಳಿ ಕಾಣಿಸದು. ಅವನ ಪಾಲಿಗೆ ಉಳಿಯುವುದು ಕುಡಿತ ಒಂದೇ.

ಅದಕ್ಕೇ ನನಗೆ ಟೀ ಮಾಮೂ ಎಂಬ ಇನ್ನೊಂದು ಊರಿನ ಓಟ ಹೆಚ್ಚು ಗಟ್ಟಿ ಎನಿಸುತ್ತದೆ. ಅಲ್ಲಿ ಗುಂಪು ಚಿಕ್ಕದು, ಕಟ್ಟುಪಾಡು ಬಿಗಿ. ಕಪಿತೇನರ ಕೈಯಲ್ಲಿ ಗೋಣಿಬಟ್ಟೆ ಹೆಣೆದ ಚಾವಟಿ ಇರುತ್ತದೆ. ವೇಷಧಾರಿಗಳು ಬೇಕೆಂದೇ ದಂಗೆಯೇಳುತ್ತಾರೆ, ಕಪಿತೇನರು ಅಟ್ಟಿಸಿಕೊಂಡು ಬಂದು ಹೊಡೆಯುತ್ತಾರೆ, ಇವರು ಬಿದ್ದು ಹೊರಳುತ್ತಾರೆ. ಹೊರಗಿನವರ ಕಣ್ಣಿಗೆ ಇದು ಒರಟುತನ. ಆದರೆ ಶಿಸ್ತು ಮತ್ತು ದಂಗೆ ಎದುರುಬದುರು ನಿಂತು ಆಡುವ ನಾಟಕ ಇದು. ಎರಡು ಕಡೆಯವರಿಗೂ ತಮ್ಮ ಪಾತ್ರ ಗೊತ್ತು. ಈ ಊರಿನ ಹೆಂಗಸರು 1970ರ ದಶಕದ ಆರಂಭದಿಂದ ತಮ್ಮದೇ ಓಟ ನಡೆಸುತ್ತಿದ್ದಾರೆ. ಕ್ಯಾರಲಿನ್ ವೇರ್ 2007ರಲ್ಲಿ ಕೇಜನ್ ಹೆಂಗಸರ ಮಾರ್ದಿ ಗ್ರಾ ಬಗ್ಗೆ ಒಂದು ಇಡೀ ಪುಸ್ತಕವನ್ನೇ ಬರೆದರು. ಗಂಡಸರು ಅಂಗಳದಲ್ಲಿ ಕುಣಿಯುವಾಗ ಹೆಂಗಸರ ಕೆಲಸವೆಲ್ಲ ವೇಷ ಹೊಲಿಯುವುದು, ಗಂಬೋ ಕಾಯಿಸುವುದು ಎಂದಿದ್ದ ಕಡೆ, ವೇಷ ಹೊಲಿದವರೇ ವೇಷ ತೊಟ್ಟು ಹೊರಟದ್ದು ಸಣ್ಣ ಮಾತಲ್ಲ. ಮಾಮೂವಿನ ಓಟ ಗಂಡಸರದ್ದೇ ಆಗಿ ಉಳಿದಿರುವುದನ್ನು ‘ಸಂಪ್ರದಾಯ’ ಎಂಬ ಒಂದೇ ಮಾತಿನಿಂದ ಸಮರ್ಥಿಸುವುದು ನನಗೆ ಒಪ್ಪಿಗೆಯಿಲ್ಲ. ಸಂಪ್ರದಾಯದ ಇನ್ನೊಂದು ಮಗ್ಗುಲನ್ನೂ ಮುಚ್ಚಿಡಬಾರದು: ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರ ವೇಷ ಹಾಕಿ ನಗಿಸುತ್ತಿದ್ದುದೂ ಈ ಓಟಗಳ ಭಾಗವೇ. ಕಪ್ಪು ಕ್ರಿಯೋಲ್ ಹಳ್ಳಿಗಳಿಗೂ ತಮ್ಮದೇ ಓಟಗಳಿವೆ. ಅಲ್ಲಿ ಗದ್ದಲ ಕಡಿಮೆ, ಒಬ್ಬ ಹೇಳಿಕೊಟ್ಟು ಉಳಿದವರು ಸೊಲ್ಲು ಹಿಡಿಯುವ ಹಾಡಿಗೆ ಹೆಚ್ಚು ಬೆಲೆ.

ಅಂಗಳದಿಂದ ವೇದಿಕೆಗೆ ಬರೋಣ. 1921ರ ರಾಜ್ಯ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷನ್ನೇ ಕಡ್ಡಾಯ ಮಾಡಿತು. ಶಾಲೆಯ ಆವರಣದಲ್ಲಿ ಫ್ರೆಂಚ್ ಆಡಿದ ಮಕ್ಕಳಿಗೆ ಶಿಕ್ಷೆ. ತಾಯಿನುಡಿಗೆ ಏಟು ತಿಂದವರು ತಮ್ಮ ಮಕ್ಕಳೊಂದಿಗೆ ಆ ನುಡಿ ಆಡಲಿಲ್ಲ. ನುಡಿಯ ಜೊತೆ ಹಾಡಿಗೂ ಕೀಳರಿಮೆ ಅಂಟಿತು. 1964ರಲ್ಲಿ ಡ್ಯೂಯಿ ಬಾಲ್ಫಾ ಎಂಬ ಪಿಟೀಲುಗಾರ, ಬೇರೊಬ್ಬರ ಬದಲಿಗೆ ಕೊನೆಗಳಿಗೆಯಲ್ಲಿ ಗಿಟಾರ್ ಹಿಡಿದು ರೋಡ್ ಐಲೆಂಡಿನ ನ್ಯೂಪೋರ್ಟ್ ಜಾನಪದ ಸಂಗೀತೋತ್ಸವಕ್ಕೆ ಹೊರಟಾಗ, ಒಪೆಲೂಸಸ್ ಪತ್ರಿಕೆಯೊಂದರ ಸಂಪಾದಕರು ಊರಿನ ಮಾನ ಕಳೆಯಲು ಹೊರಟಿದ್ದಾರೆ ಎಂಬ ಧಾಟಿಯಲ್ಲಿ ಗೇಲಿ ಮಾಡಿದರು. ನ್ಯೂಪೋರ್ಟಿನಲ್ಲಿ ಸಾವಿರಾರು ಮಂದಿ ಎದ್ದುನಿಂತು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯನ್ನು ಊರಿಗೆ ತರುವುದೇ ಬಾಲ್ಫಾರ ಉಳಿದ ಬದುಕಿನ ಕೆಲಸವಾಯಿತು.

ಅದು ಊರಿಗೆ ಬಂದದ್ದು 1974ರ ಮಾರ್ಚ್ 26ರ ರಾತ್ರಿ, ಲಫಾಯೆಟ್ ನಗರದ ಬ್ಲ್ಯಾಕಮ್ ಕ್ರೀಡಾಂಗಣದಲ್ಲಿ. ಫ್ರೆಂಚ್ ನುಡಿಯ ಉಳಿವಿಗೆಂದು 1968ರಲ್ಲಿ ಹುಟ್ಟಿದ್ದ ಸರ್ಕಾರಿ ಸಂಸ್ಥೆ ಕೊಡೋಫಿಲ್, ಬಾಲ್ಫಾ, ಆಗಿನ್ನೂ ಎಳೆಯನಾಗಿದ್ದ ವಿದ್ವಾಂಸ ಬ್ಯಾರಿ ಆನ್ಸೆಲೆ ಇವರೆಲ್ಲ ಸೇರಿ ಕೇಜನ್ ಸಂಗೀತಕ್ಕೆ ಗೌರವಾರ್ಪಣೆ ಏರ್ಪಡಿಸಿದ್ದರು. ಹೊರಗೆ ಬಿರುಮಳೆ, ಆದರೂ ಸುಮಾರು 12,000 ಜನ. ಅದನ್ನು ಬೇಕೆಂದೇ ಕುಣಿತವಿಲ್ಲದ ಕಚೇರಿಯಾಗಿ ಏರ್ಪಡಿಸಿದ್ದರು. ಅಲ್ಲಿಯವರೆಗೆ ಆ ಸಂಗೀತ ಎಂದರೆ ಶನಿವಾರ ರಾತ್ರಿ ಕುಣಿಯುವವರ ಕಾಲಿಗೆ ತಾಳ. ಅಂದು ಮೊದಲ ಬಾರಿಗೆ ಜನ ಕುರ್ಚಿಯಲ್ಲಿ ಕೂತು, ತಮ್ಮ ಅಜ್ಜಂದಿರ ಹಾಡನ್ನು ಬರೀ ಕಿವಿಯಿಂದ ಕೇಳಿದರು. ಮುಂದೆ ಪ್ರತಿವರ್ಷ ಗಿರಾರ್ಡ್ ಪಾರ್ಕಿನಲ್ಲಿ ನಡೆಯುವ ಉಚಿತ ಉತ್ಸವ ಬೆಳೆದದ್ದು ಇದರಿಂದಲೇ. ವೇದಿಕೆ ಜಾನಪದವನ್ನು ಕೊಲ್ಲುತ್ತದೆ ಎಂದು ಹೇಳುವವರಿಗೆ ನಾನು ಈ ರಾತ್ರಿಯನ್ನು ತೋರಿಸುತ್ತೇನೆ. ಈ ವೇದಿಕೆ ಜನರನ್ನು ಕೇಳಿದ್ದು ಅವರು ತಮ್ಮ ಹಾಡಿಗೆ ಎಂದೂ ಕೊಟ್ಟಿರದ ಒಂದು ವಸ್ತುವನ್ನು: ಗಮನ.

ಬೆಳೆ ಮತ್ತು ತಿನಿಸಿನ ಹೆಸರಿನ ಹಬ್ಬಗಳ ವಿಷಯ ಬೇರೆ. ಕ್ರೌಲಿಯ ಭತ್ತದ ಹಬ್ಬ 1937ರದ್ದು, ಬ್ರೋ ಬ್ರಿಜ್‌ನ ಕ್ರಾಫಿಶ್ ಎಂಬ ಸಿಹಿನೀರಿನ ಜೀವಿಯ ಹಬ್ಬ 1960ರದ್ದು, ರೇನ್ ಊರಿನ ಕಪ್ಪೆ ಹಬ್ಬ 1973ರದ್ದು. ಬಹುಪಾಲು ಹಬ್ಬಗಳ ಅಚ್ಚು ಒಂದೇ: ಒಬ್ಬಳು ರಾಣಿ, ಒಂದು ಮೆರವಣಿಗೆ, ತಿರುಗುವ ತೊಟ್ಟಿಲು, ತಿನ್ನುವ ಸ್ಪರ್ಧೆ. ವ್ಯಾಪಾರ ಬೆಳೆಸಲು ಹುಟ್ಟಿದವು, ಆ ಕೆಲಸ ಮಾಡುತ್ತಿವೆ. ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡನ್ನು ಮಾತ್ರ ಬೇರೆ ಎತ್ತಿಡಬೇಕು. ಮಾರ್ಗನ್ ಸಿಟಿಯಲ್ಲಿ 1936ರಿಂದ ನಡೆಯುವ ಸೀಗಡಿ ಹಬ್ಬ 1967ರಲ್ಲಿ ‘ಸೀಗಡಿ ಮತ್ತು ಪೆಟ್ರೋಲಿಯಂ ಹಬ್ಬ’ ಆಯಿತು. 2010ರಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಎಣ್ಣೆ ಕೊರೆಯುವ ರಿಗ್ ಸ್ಫೋಟಿಸಿ 11 ಕಾರ್ಮಿಕರು ಸತ್ತು, ಎಣ್ಣೆ ಹರಡಿ ಸೀಗಡಿ ಹಿಡಿಯುವ ನೀರಿನ ದೊಡ್ಡ ಭಾಗ ಮುಚ್ಚಿದ ವರ್ಷವೂ ಆ ಹೆಸರು ಹಾಗೇ ನಿಂತಿತು. ಹೊರಗಿನವರಿಗೆ ಅದು ವಿಚಿತ್ರ ಕಂಡಿತು. ಆ ಕರಾವಳಿಯಲ್ಲಿ ಒಂದೇ ಮನೆಯ ಅಣ್ಣ ದೋಣಿಯಲ್ಲಿ, ತಮ್ಮ ಎಣ್ಣೆಬಾವಿಯಲ್ಲಿ ದುಡಿಯುವುದುಂಟು. ಆ ಹೆಸರು ಊರಿನ ಹೊಟ್ಟೆಪಾಡಿನ ನಿಜವನ್ನು ಬಚ್ಚಿಡದೆ ಹೇಳುತ್ತದೆ. ಎರಡನೆಯದು ಅಬ್ಬೆವಿಲ್‌ನ ಆಮ್ಲೆಟ್ ಹಬ್ಬ. 1985ರಲ್ಲಿ ಹೊಸದಾಗಿ ಕಟ್ಟಿದ್ದು. ಫ್ರಾನ್ಸಿನ ಬೆಸಿಯೇರ್ ಊರನ್ನು ನೋಡಿ ಕಲಿತದ್ದು. 12 ಅಡಿ ಅಗಲದ ಬಾಣಲೆಯಲ್ಲಿ 5,000 ಮೊಟ್ಟೆ ಒಡೆದು, ವರ್ಷಕ್ಕೊಂದರಂತೆ ಇನ್ನಷ್ಟು ಸೇರಿಸಿ, ಬಂದವರಿಗೆಲ್ಲ ಪುಕ್ಕಟೆ ಹಂಚುತ್ತಾರೆ. ಹಳೆಯದೋ ಹೊಸದೋ ಎಂಬುದು ನನಗೆ ಮುಖ್ಯವಲ್ಲ. ಇಲ್ಲಿ ಊರು ಕೊಡುತ್ತದೆ, ಆದ್ದರಿಂದ ಇದು ಹಬ್ಬವೇ.

ಈಗ ಹೆಸರಿನ ಮಾತು. 1971ರಲ್ಲಿ ರಾಜ್ಯದ ಶಾಸನಸಭೆ 22 ಜಿಲ್ಲೆಗಳ ಈ ಸೀಮೆಗೆ ‘ಅಕಾಡಿಯಾನಾ’ ಎಂಬ ಹೆಸರನ್ನು ಅಧಿಕೃತ ಮಾಡಿತು. ಬೇಲಿಯಾಚೆ ಕಾಲಿಡುವ ಮುನ್ನ ಅಪ್ಪಣೆ ಕೇಳುವ ಸಂಪ್ರದಾಯದ ನಾಡಿದು. ಆದರೆ ಇಡೀ ಸೀಮೆಗೆ ಅಕಾಡಿಯನ್ನರ ಹೆಸರಿಡುವಾಗ ಅಲ್ಲಿನ ಕ್ರಿಯೋಲ್ ಜನರನ್ನು ಯಾರೂ ಕೇಳಲಿಲ್ಲ. 1974ರ ಆ ವೇದಿಕೆಯಲ್ಲಿ ಕಪ್ಪು ಕ್ರಿಯೋಲ್ ಜನರ ಜೈಡಿಕೋ ಸಂಗೀತದ ದೊರೆ ಕ್ಲಿಫ್ಟನ್ ಶೆನಿಯೇ ನುಡಿಸಿದ್ದರು, ಕಪ್ಪು ಪಿಟೀಲುಗಾರ ಕ್ಯಾನ್‌ರೇ ಫಾಂಟನೋ ನುಡಿಸಿದ್ದರು. ಬ್ಯಾನರಿನ ಮೇಲಿದ್ದದ್ದು ಕೇಜನ್ ಎಂಬ ಒಂದೇ ಹೆಸರು. 1982ರಲ್ಲಿ ಒಪೆಲೂಸಸ್ ಬಳಿಯ ಪ್ಲೆಸಾನ್ಸ್ ಹೊಲದಲ್ಲಿ ಕ್ರಿಯೋಲ್ ಜನ ತಮ್ಮದೇ ಜೈಡಿಕೋ ಉತ್ಸವ ಶುರು ಮಾಡಿದರು. ಕಪ್ಪು ಸಣ್ಣ ರೈತರ ಏಳಿಗೆಗೆ ದುಡಿಯುತ್ತಿದ್ದ ಸಂಸ್ಥೆಯೊಂದು ಅದರ ಬೆನ್ನಿಗಿತ್ತು. ಲಫಾಯೆಟ್ ಉತ್ಸವದ ಹೆಸರಿಗೆ ‘ಕ್ರಿಯೋಲ್’ ಸೇರಿದ್ದು 2008ರಲ್ಲಿ, ಅಂದರೆ ಮೂವತ್ತನಾಲ್ಕು ವರ್ಷ ತಡವಾಗಿ.

1974ರ ವೇದಿಕೆಯಲ್ಲಿ ಡೆನಿಸ್ ಮಗೀ ಎಂಬ ಹಿರಿಯ ಬಿಳಿ ಪಿಟೀಲುಗಾರರೂ ಇದ್ದರು. 1929ರಲ್ಲಿ ಅವರೊಂದಿಗೆ ಜೊತೆಗೂಡಿ ಧ್ವನಿಮುದ್ರಣ ಮಾಡಿದ ಅಕಾರ್ಡಿಯನ್ ವಾದಕ ಅಮೆಡೆ ಆರ್ಡ್ವಾನ್, ಕಪ್ಪು ಕ್ರಿಯೋಲ್. ಇಂದು ಕೇಜನ್ ಸಂಗೀತ ಎನ್ನುವುದರ ಅಡಿಪಾಯದಲ್ಲಿ ಆರ್ಡ್ವಾನರ ಕಲ್ಲುಗಳಿವೆ. ಬಿಳಿಯರ ಕುಣಿತದ ಮನೆಯೊಂದರಲ್ಲಿ ಬೆವರೊರೆಸಿಕೊಳ್ಳಲು ಬಿಳಿ ಹೆಣ್ಣೊಬ್ಬಳು ಕರವಸ್ತ್ರ ಕೊಟ್ಟಳೆಂಬ ಕಾರಣಕ್ಕೆ ಅವರನ್ನು ಬರ್ಬರವಾಗಿ ಹೊಡೆದರು ಎಂದು ಆ ಕಾಲದವರು ನೆನೆಯುತ್ತಾರೆ. ಅವರು 1942ರಲ್ಲಿ ಪೈನ್‌ವಿಲ್‌ನ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೂಳಿದ ಜಾಗಕ್ಕೆ ಗುರುತೂ ಇಲ್ಲ. 2018ರಲ್ಲಿ ಒಪೆಲೂಸಸ್‌ನಲ್ಲಿ ಅವರ ಪ್ರತಿಮೆ ನಿಂತಿತು. ಈ ಪರಂಪರೆಯ ಬಗ್ಗೆ ಬರೆಯುವ ಯಾರೂ ಅವರನ್ನು ದಾಟಿ ಮುಂದೆ ಹೋಗಬಾರದು.

ನುಡಿಯ ಲೆಕ್ಕದಲ್ಲಿ ಈ ಹಬ್ಬಗಳು ಸೋತಿವೆ. ಹಾಡು ಉಳಿಯಿತು, ಅಡುಗೆ ಜಗತ್ತಿಗೆಲ್ಲ ಹಬ್ಬಿತು, ಮಾತು ಕುಗ್ಗಿತು. ಕೊಡೋಫಿಲ್ ಮೊದಲಿಗೆ ಫ್ರಾನ್ಸ್, ಬೆಲ್ಜಿಯಂ, ಕ್ವಿಬೆಕ್‌ನಿಂದ ಶಿಕ್ಷಕರನ್ನು ಕರೆಸಿತು. ಅವರು ಕಲಿಸಿದ ಶಿಷ್ಟ ಫ್ರೆಂಚ್ ಮಗುವಿಗೂ ಅಜ್ಜಿಗೂ ನಡುವೆ ಸೇತುವೆಯಾಗಲಿಲ್ಲ. ಬ್ರೋ ಬ್ರಿಜ್ ಸುತ್ತಿನ ಕಥೆ ಇನ್ನೂ ಕಠಿಣ. ಅಲ್ಲಿ ಕಪ್ಪು ಜನ ಮಾತ್ರವಲ್ಲ, ಎಷ್ಟೋ ಬಿಳಿಯರೂ ಆಡುತ್ತಿದ್ದ ಮನೆಮಾತು ಕೂರಿ-ವಿನಿ ಎಂಬ ಲೂಯಿಸಿಯಾನ ಕ್ರಿಯೋಲ್. ಕ್ರಾಫಿಶ್ ಹಬ್ಬ ಕೇಜನ್ ಹೆಸರಿನಲ್ಲಿ ಲೋಕಕ್ಕೆಲ್ಲ ಗೊತ್ತಾಗುತ್ತಿದ್ದಾಗ ಆ ನುಡಿ ಅಳಿವಿನಂಚಿಗೆ ಸರಿಯಿತು. ವರ್ಷಕ್ಕೆ ಮೂರು ದಿನದ ಉತ್ಸವ ಶಾಲೆಯ ಕೆಲಸ ಮಾಡಲಾರದು. 1980ರ ದಶಕದಿಂದ ಬಂದ, ಎಲ್ಲ ಪಾಠವನ್ನೂ ಫ್ರೆಂಚಿನಲ್ಲೇ ಕಲಿಸುವ ಶಾಲೆಗಳು ಆ ಕೆಲಸ ಮಾಡುತ್ತಿವೆ. ಹಬ್ಬಗಳ ಪೈಕಿ ನುಡಿಯನ್ನು ನಿಜವಾಗಿ ಬಳಸುವುದು ಮತ್ತೆ ಆ ಓಟವೇ. ಬೇಡುವ ಹಾಡು ಫ್ರೆಂಚಿನಲ್ಲಿದೆ. ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡುವ ಹುಡುಗನೂ ಕೋಳಿ ಬೇಕೆಂದರೆ ಅದನ್ನು ಬಾಯಿಪಾಠ ಮಾಡಬೇಕು. ಕೂಗಾಡುವ ಗುಂಪಿನಿಂದ ಹಾಡುವ ಗುಂಪಿಗೆ ಮರಳಬೇಕೆಂದು ಕೆಲವು ಯುವ ಸಂಗೀತಗಾರರು 2006ರಲ್ಲಿ ಯೂನಿಸ್ ಬಳಿ ಫಾಕೆಟಾಯಿಕ್ ಎಂಬ ಹೊಸ ಓಟ ಕಟ್ಟಿದ್ದಾರೆ. ನನ್ನ ಭರವಸೆ ಇರುವುದು ಇಂಥವರ ಮೇಲೆ.

ಹ್ಯೂಸ್ಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಲಫಾಯೆಟ್ ಕಾರಿನಲ್ಲಿ ಮೂರೂವರೆ ಗಂಟೆಯ ದಾರಿ. ಅಕ್ಟೋಬರಿನಲ್ಲಿ ಗಿರಾರ್ಡ್ ಪಾರ್ಕಿಗೆ ಹೋಗಿ, ಮರದಡಿ ಕೂತು ಕೇಳಿ. ಆದರೆ ಮಾರ್ದಿ ಗ್ರಾ ಮಂಗಳವಾರ ಹಳ್ಳಿಯ ಕಡೆ ಹೋದರೆ ಬರೀ ಫೋಟೋ ತೆಗೆದುಕೊಂಡು ಬರಬೇಡಿ. ಮುಖವಾಡದವನೊಬ್ಬ ಎದುರಿಗೆ ಬಂದು, ಒಂದು ಬೆರಳಿನಿಂದ ಇನ್ನೊಂದು ಅಂಗೈಯನ್ನು ತೋರಿಸಿ, ಐದು ಸೆಂಟು ಕೊಡಿ ಎಂದು ಫ್ರೆಂಚಿನಲ್ಲಿ ಕೇಳುತ್ತಾನೆ. ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಂಡಿರಿ, ಕೊಡಿ.